ಖಾಲಿ ರಾತ್ರಿಯ ಲೆಕ್ಕ ಯಾರ ತಲೆಗೆ?

ಮಲೆನಾಡಿನ ಹೋಂಸ್ಟೇಗಳಿಗೆ ಮಳೆಗಾಲದ ಖಾಯಂ ಜಗಳವೊಂದಿದೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಘೋಷಿಸುತ್ತದೆ, ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಜರಿಯುತ್ತದೆ. ಬೆಂಗಳೂರಿನಿಂದ ಹೊರಡಬೇಕಿದ್ದ ಕುಟುಂಬ 'ಬರೋಕಾಗಲ್ಲ, ಅಡ್ವಾನ್ಸ್ ವಾಪಸ್ ಹಾಕಿ' ಎಂದು ವಾಟ್ಸಾಪ್ ಮಾಡುತ್ತದೆ. 'ನಮ್ಮ ಮನೆ ತೆರೆದೇ ಇದೆಯಲ್ಲ, ಬಾರದಿದ್ದವರು ನೀವು' ಎಂದು ಅತ್ತಲಿಂದ ಉತ್ತರ. ಆಮೇಲೆ ಗೂಗಲ್‌ನಲ್ಲಿ ಒಂದು ಸ್ಟಾರ್, ಅದರ ಕೆಳಗೆ ಮಾಲೀಕರ ಸಿಟ್ಟಿನ ವಿವರಣೆ, ಎರಡೂ ಕಡೆಯವರ ಬಳಿ ಸ್ಕ್ರೀನ್‌ಶಾಟ್‌ಗಳ ಕಟ್ಟು. ಮೊತ್ತ ಮೂರೋ ಐದೋ ಸಾವಿರ. ಕಹಿ ಮಾತ್ರ ವರ್ಷಗಟ್ಟಲೆ.

ಇಂಥ ಜಗಳ ಕಿವಿಗೆ ಬಿದ್ದಾಗ ನಾವು ಮೊದಲು ಹುಡುಕುವುದು ತಪ್ಪಿತಸ್ಥರನ್ನು. ಆದರೆ ಬಹಳಷ್ಟು ರದ್ದತಿಗಳಲ್ಲಿ ತಪ್ಪು ಯಾರದ್ದೂ ಇರುವುದಿಲ್ಲ. ಮಗುವಿಗೆ ಜ್ವರ ಬರುತ್ತದೆ, ರಜೆ ಮಂಜೂರಾಗುವುದಿಲ್ಲ, ರಸ್ತೆ ಮುಚ್ಚುತ್ತದೆ. ತಪ್ಪಿಲ್ಲದಿದ್ದರೂ ನಷ್ಟವಂತೂ ಇರುತ್ತದೆ, ಅದನ್ನು ಯಾರಾದರೂ ಹೊರಲೇಬೇಕು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೇ. ಆ ರಾತ್ರಿ ಕೋಣೆ ನಿಜವಾಗಿ ಖಾಲಿ ಉಳಿಯಿತೇ? ಉಳಿದಿದ್ದರೆ ಆ ನಷ್ಟದಲ್ಲಿ ಯಾರ ಪಾಲು ಎಷ್ಟು? ರದ್ದತಿ ಶುಲ್ಕವೆಂಬುದು ಖಾಲಿ ಕೋಣೆಯ ಬೆಲೆಯಾಗಿರಬೇಕು. ಮನಸ್ಸು ಬದಲಿಸಿದವರಿಗೆ ವಿಧಿಸುವ ದಂಡವಾಗಬಾರದು. ಈ ಒಂದು ಮಾತನ್ನು ಒಪ್ಪಿಕೊಂಡರೆ ಮುಕ್ಕಾಲು ಪಾಲು ಜಗಳಗಳು ಲೆಕ್ಕದ ಮಾತಾಗಿ ಮುಗಿಯುತ್ತವೆ.

ಮೊದಲು ಆತಿಥೇಯರ ಕಡೆಯಿಂದ ನೋಡೋಣ. ಮಾರದ ರಾತ್ರಿಯನ್ನು ಮರುದಿನಕ್ಕೆ ಎತ್ತಿಡಲಾಗದು. ಶಂಕರಪುರ ಮಲ್ಲಿಗೆಯ ಅಟ್ಟೆಯಂತೆ, ಆ ದಿನ ಹೋದರೆ ಹೋಯಿತು. ದೊಡ್ಡ ಹೋಟೆಲುಗಳು ಕೆಲವರು ಬರುವುದಿಲ್ಲವೆಂದು ಅಂದಾಜಿಸಿ ಇರುವ ಕೋಣೆಗಳಿಗಿಂತ ಹೆಚ್ಚೇ ಬುಕಿಂಗ್ ತೆಗೆದುಕೊಳ್ಳುತ್ತವೆ. ನಾಲ್ಕೈದು ಕೋಣೆಗಳ ಮನೆಗೆ ಆ ಆಟ ಆಡಲಾಗದು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಸಣ್ಣ ಹೋಂಸ್ಟೇಗಳಿಗೆ ವಾರದಲ್ಲಿ ದುಡಿಮೆ ಎಂದರೆ ಶುಕ್ರವಾರ, ಶನಿವಾರದ ರಾತ್ರಿ. ವರ್ಷದ ಗಳಿಕೆಯಲ್ಲಿ ದೊಡ್ಡ ಪಾಲು ಲಾಂಗ್ ವೀಕೆಂಡ್‌ಗಳದ್ದು. ಗುರುವಾರ ಸಂಜೆ ಒಬ್ಬರು ಕೈ ಎತ್ತಿದರೆ ಆ ಕೋಣೆಗೆ ಇನ್ನೊಬ್ಬರು ಸಿಗುವುದು ಅದೃಷ್ಟ. ಅಷ್ಟರಲ್ಲಿ ಅದೇ ದಿನಾಂಕ ಕೇಳಿದ ನಾಲ್ಕು ಜನರಿಗೆ 'ಫುಲ್' ಎಂದು ಹೇಳಿ ಆಗಿರುತ್ತದೆ. ಕೋಳಿ, ಹಂದಿ ಮಾಂಸಕ್ಕೆ ಹೇಳಿರುತ್ತಾರೆ, ಅಡುಗೆಗೆ ಊರಿನ ಹೆಂಗಸರನ್ನು ಕರೆದಿರುತ್ತಾರೆ, ಜೀಪಿನವನಿಗೆ ಮಾತು ಕೊಟ್ಟಿರುತ್ತಾರೆ. ಇದನ್ನೆಲ್ಲ ನುಂಗಿಕೊಂಡು ಪೂರ್ತಿ ಹಣ ಹಿಂದಿರುಗಿಸಿ ಎನ್ನುವುದು ನ್ಯಾಯವಲ್ಲ.

ಅತಿಥಿಯ ಕಡೆಯ ಸತ್ಯವೂ ಅಷ್ಟೇ ಗಟ್ಟಿ. ಆತ ಕೋಣೆ ನೋಡುವ ಮೊದಲೇ ಹಣ ಕಟ್ಟಿರುತ್ತಾನೆ. 'ರಿಫಂಡ್ ಇಲ್ಲ' ಎಂಬ ಸಾಲು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಎಲ್ಲೋ ಇರುತ್ತದೆ, ನೇರ ಬುಕಿಂಗ್ ಆದರೆ ಹಣ ಯುಪಿಐನಲ್ಲಿ ಹೋದ ಮೇಲೆ ಬಾಯಿಮಾತಿನಲ್ಲಿ ಬರುತ್ತದೆ. ಒಂದು ತಿಂಗಳ ಮುಂಚೆ ತಿಳಿಸಿದವನಿಗೂ, ಹಿಂದಿನ ರಾತ್ರಿ ತಿಳಿಸಿದವನಿಗೂ ಕೆಲವು ಕಡೆ ಒಂದೇ ಕತ್ತರಿ. ಎಲ್ಲಕ್ಕಿಂತ ಹೆಚ್ಚು ಉರಿಯುವುದು ಬೇರೆ ಕಾರಣಕ್ಕೆ. ತಾನು ಬಿಟ್ಟುಕೊಟ್ಟ ಕೋಣೆ ಅದೇ ದಿನಕ್ಕೆ ಬೇರೆಯವರಿಗೆ ಹೋಗಿದೆ, ಅವರಿಂದಲೂ ಬಾಡಿಗೆ ಬಂದಿದೆ, ತನ್ನ ಹಣವೂ ಅಲ್ಲೇ ಉಳಿದಿದೆ. ಒಂದೇ ಹಾಸಿಗೆಗೆ ಎರಡು ಬಾಡಿಗೆ. ಇದಕ್ಕೆ ನಷ್ಟ ಪರಿಹಾರ ಎಂಬ ಹೆಸರು ಒಪ್ಪುವುದಿಲ್ಲ.

'ನಮ್ಮ ಮನೆ ತೆರೆದೇ ಇದೆ' ಎಂಬ ವಾದ ಹೊಸದೇನಲ್ಲ. 1902ರ ಜೂನ್ 26 ಮತ್ತು 27ರಂದು ಲಂಡನ್ನಿನಲ್ಲಿ ಏಳನೇ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆ ನಡೆಯಬೇಕಿತ್ತು. ಪಾಲ್ ಮಾಲ್ ಬೀದಿಯಲ್ಲಿ ಕ್ರೆಲ್ ಎಂಬವರ ಮನೆಯ ಕಿಟಕಿಗಳಿಂದ ಮೆರವಣಿಗೆ ಚೆನ್ನಾಗಿ ಕಾಣುತ್ತಿತ್ತು. ಹೆನ್ರಿ ಎಂಬಾತ ಆ ಎರಡು ಹಗಲಿಗೆ 75 ಪೌಂಡಿಗೆ ಕೋಣೆಗಳನ್ನು ಹಿಡಿದ, 25 ಪೌಂಡ್ ಮುಂಗಡ ಕೊಟ್ಟ. ಅಷ್ಟರಲ್ಲಿ ದೊರೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಮೆರವಣಿಗೆ ಮುಂದಕ್ಕೆ ಹೋಯಿತು. ಹೆನ್ರಿ ಬರಲಿಲ್ಲ. ಉಳಿದ 50 ಪೌಂಡಿಗೆ ಕ್ರೆಲ್ ದಾವೆ ಹೂಡಿದರು. ಕೋಣೆಗೆ ಏನೂ ಆಗಿರಲಿಲ್ಲ, ಕಿಟಕಿ ಅಲ್ಲೇ ಇತ್ತು, ಕರಾರಿನಲ್ಲಿ ಮೆರವಣಿಗೆಯ ಹೆಸರೇ ಇರಲಿಲ್ಲ. ಆದರೂ 1903ರಲ್ಲಿ ಮೇಲ್ಮನವಿ ನ್ಯಾಯಾಲಯ ಹೆನ್ರಿ ಹಣ ಕೊಡಬೇಕಿಲ್ಲ ಎಂದಿತು. ಮೆರವಣಿಗೆ ನೋಡುವುದೇ ಆ ಬಾಡಿಗೆಯ ಬುನಾದಿ ಎಂಬುದು ಇಬ್ಬರಿಗೂ ತಿಳಿದಿತ್ತು, ಬುನಾದಿ ಹೋದ ಮೇಲೆ ಕರಾರು ನಿಲ್ಲುವುದಿಲ್ಲ ಎಂಬುದು ತೀರ್ಪಿನ ಸಾರ.

ಈ ತೀರ್ಪನ್ನು ಅತಿಥಿಗಳು ತಮ್ಮ ಗೆಲುವೆಂದು ಹಿಗ್ಗುವ ಮೊದಲು ಅದೇ ವರ್ಷ, ಅದೇ ನ್ಯಾಯಾಲಯ ಕೊಟ್ಟ ಇನ್ನೊಂದು ತೀರ್ಪನ್ನೂ ನೋಡಬೇಕು. ಹಟನ್ ಎಂಬಾತ ಹರ್ನ್ ಬೇ ಎಂಬ ಊರಿನ ಕಂಪನಿಯಿಂದ ಹಡಗೊಂದನ್ನು ಬಾಡಿಗೆಗೆ ಹಿಡಿದಿದ್ದ. ಪಟ್ಟಾಭಿಷೇಕದ ಅಂಗವಾಗಿ ದೊರೆ ನಡೆಸುವ ನೌಕಾಪಡೆಯ ಪರಿವೀಕ್ಷಣೆಯನ್ನು ಜನರಿಗೆ ತೋರಿಸುವುದು, ಲಂಗರು ಹಾಕಿದ ಯುದ್ಧನೌಕೆಗಳ ಸುತ್ತ ವಿಹಾರ ಮಾಡಿಸುವುದು ಅವನ ಯೋಜನೆ. ಪರಿವೀಕ್ಷಣೆ ರದ್ದಾಯಿತು, ಆದರೆ ನೌಕೆಗಳು ಅಲ್ಲೇ ಇದ್ದವು. ವಿಹಾರ ಸಾಧ್ಯವಿತ್ತು, ಆದ್ದರಿಂದ ಹಣ ಕೊಡಬೇಕು ಎಂದು ತೀರ್ಪಾಯಿತು.

ನಮ್ಮ ಮಲೆನಾಡಿನ ಜಗಳಗಳನ್ನು ಅಳೆಯಲು ಈ ಎರಡು ತೀರ್ಪುಗಳ ನಡುವಿನ ಗೆರೆ ಸಾಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಕುಸಿದು ಜೋಡುಪಾಲ, ಮಕ್ಕಂದೂರಿನ ಕಡೆ ಊರುಗಳೇ ಕೊಚ್ಚಿಹೋದಾಗ ಜಿಲ್ಲಾಡಳಿತ ಪ್ರವಾಸಿಗರನ್ನು ನಿರ್ಬಂಧಿಸಿತು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದು ಕರಾವಳಿಯ ಸಂಚಾರ ಕಡಿದುಹೋಯಿತು. ಹೋಗಬೇಡಿ ಎಂದು ಸರ್ಕಾರವೇ ಹೇಳಿದಾಗ, ದಾರಿಯೇ ಇಲ್ಲದಾದಾಗ, ಕೋಣೆಯ ಬಾಗಿಲು ತೆರೆದಿತ್ತು ಎಂಬ ಮಾತಿಗೆ ಬೆಲೆಯಿಲ್ಲ. ಅದು ಕ್ರೆಲ್‌ನ ಕಿಟಕಿ. ಆದರೆ ಜುಲೈನಲ್ಲಿ ಆಗುಂಬೆಗೆ ಬುಕ್ ಮಾಡಿ, 'ಬರೀ ಮಳೆ, ಮಂಜಿನಲ್ಲಿ ಏನೂ ಕಾಣಲ್ಲವಂತೆ' ಎಂದು ಹಣ ವಾಪಸ್ ಕೇಳುವುದು ಹಟನ್‌ನ ವಾದ. ಮಲೆನಾಡಿನಲ್ಲಿ ಮಳೆ ಬರುತ್ತದೆ ಎಂಬುದು ಬುಕ್ ಮಾಡುವವರಿಗೆ ಗೊತ್ತಿರಲೇಬೇಕಾದ ಸಂಗತಿ. ಪ್ರತಿ ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ವೇಳೆ ಚಿಕ್ಕಮಗಳೂರಿನ ಗಿರಿಗಳಿಗೆ ಪ್ರವಾಸಿಗರನ್ನು ಕೆಲವು ದಿನ ಬಿಡುವುದಿಲ್ಲ. ಆದೇಶ ಹೊರಬಿದ್ದ ಮೇಲೂ ಆ ದಿನಗಳಿಗೇ ಕೋಣೆ ಹಿಡಿದವರು ಆಮೇಲೆ ದೂರುವಂತಿಲ್ಲ. ಆ ಆದೇಶ ಮುಚ್ಚಿಟ್ಟು ಕೋಣೆ ಕೊಟ್ಟ ಮಾಲೀಕರೂ ಹಣ ಹಿಡಿದಿಟ್ಟುಕೊಳ್ಳುವಂತಿಲ್ಲ.

ಏರ್‌ಬಿಎನ್‌ಬಿಯಂಥ ಜಾಗತಿಕ ವೇದಿಕೆ ಕೂಡ ಸುತ್ತಿ ಬಳಸಿ ಇಲ್ಲಿಗೇ ಬಂದಿದೆ. 2024ರ ಜೂನ್‌ನಿಂದ ಅದು ಜಾರಿಗೆ ತಂದ ನಿಯಮದಲ್ಲಿ, ಫ್ಲಾರಿಡಾದ ಚಂಡಮಾರುತದ ತಿಂಗಳುಗಳಲ್ಲಿ ಚಂಡಮಾರುತ ಬಂತು ಎಂಬುದಷ್ಟೇ ಪೂರ್ತಿ ಹಣ ವಾಪಸಿಗೆ ಕಾರಣವಾಗದು. ಜನರನ್ನು ತೆರವುಗೊಳಿಸುವ ಸರ್ಕಾರಿ ಆದೇಶದಂಥದ್ದು ಇರಬೇಕು. ಊಹಿಸಬಹುದಾದ ಹವಾಮಾನದ ಹೊಣೆ ಬುಕ್ ಮಾಡಿದವರದ್ದು, ಆದೇಶದಿಂದ ಬಾಗಿಲು ಮುಚ್ಚಿದರೆ ಹಣ ವಾಪಸ್. ಮಲೆನಾಡಿಗೂ ಇದು ಒಪ್ಪುವ ಗೆರೆ.

ಭಾರತದ ಕಾನೂನು ಇಲ್ಲಿ ಮೌನವಾಗಿಲ್ಲ. 1872ರ ಕರಾರು ಕಾಯ್ದೆಯ 56ನೇ ಕಲಂ ಪ್ರಕಾರ, ನೆರವೇರಿಸಲು ಅಸಾಧ್ಯವಾದ ಕರಾರು ಅನೂರ್ಜಿತ. 'ಅಸಾಧ್ಯ' ಎಂದರೆ ಭೌತಿಕವಾಗಿ ಅಸಾಧ್ಯವೇ ಆಗಬೇಕಿಲ್ಲ, ಎರಡೂ ಕಡೆಯವರ ಉದ್ದೇಶದ ದೃಷ್ಟಿಯಿಂದ ನಿರರ್ಥಕವಾದರೂ ಸಾಕು ಎಂದು ಸುಪ್ರೀಂ ಕೋರ್ಟ್ 1954ರಲ್ಲೇ ಸತ್ಯವ್ರತ ಘೋಷ್ ಪ್ರಕರಣದಲ್ಲಿ ಹೇಳಿದೆ. ಕರಾರು ಹೀಗೆ ಬಿದ್ದುಹೋದರೆ ಪಡೆದ ಲಾಭವನ್ನು ಮರಳಿಸಬೇಕು ಎನ್ನುತ್ತದೆ 65ನೇ ಕಲಂ. ಅತಿಥಿ ತಾನಾಗಿ ಹಿಂದೆ ಸರಿದರೆ ಅನ್ವಯಿಸುವುದು 74ನೇ ಕಲಂ. ಕರಾರಿನಲ್ಲಿ ಎಷ್ಟೇ ದೊಡ್ಡ ದಂಡ ಬರೆದಿರಲಿ, ಅದು ಗರಿಷ್ಠ ಮಿತಿ ಮಾತ್ರ. ಸಿಗುವುದು ಆ ಮಿತಿಯೊಳಗಿನ ನ್ಯಾಯಯುತ ಪರಿಹಾರ.

ಇದಕ್ಕೆ 2015ರಲ್ಲಿ ಬಂದ ತೀರ್ಪೊಂದು ಒಳ್ಳೆಯ ನಿದರ್ಶನ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ನಿವೇಶನವೊಂದನ್ನು 3.12 ಕೋಟಿಗೆ ಕೈಲಾಶ್ ನಾಥ್ ಅಸೋಸಿಯೇಟ್ಸ್‌ಗೆ ಹರಾಜಿನಲ್ಲಿ ಕೊಟ್ಟು, 78 ಲಕ್ಷ ಮುಂಗಡ ಪಡೆದಿತ್ತು. ವ್ಯವಹಾರ ಮುರಿದಾಗ ಮುಂಗಡವನ್ನು ಮುಟ್ಟುಗೋಲು ಹಾಕಿಕೊಂಡಿತು. ಮುಂದೆ ಅದೇ ನಿವೇಶನ 11.78 ಕೋಟಿಗೆ ಹೋಯಿತು. ಸುಪ್ರೀಂ ಕೋರ್ಟ್ ಮುಂಗಡ ವಾಪಸ್ ಕೊಡಿಸಿತು. ಕೊಂಡವರು ಕರಾರು ಮುರಿದಿರಲಿಲ್ಲ ಎಂಬುದು ಒಂದು ಕಾರಣ. ನಷ್ಟವೇ ಆಗದೆ ಪರಿಹಾರವಿಲ್ಲ ಎಂಬುದು ಇನ್ನೊಂದು. ಕೋಟಿಗಳ ನಿವೇಶನಕ್ಕೆ ಹೇಳಿದ ಈ ತತ್ವ ನಾಲ್ಕು ಸಾವಿರದ ಕೋಣೆಗೆ ಏಕೆ ಸಲ್ಲಬಾರದು?

ಇಲ್ಲಿ ಆತಿಥೇಯರು ಒಂದು ಸೂಕ್ಷ್ಮವಾದ ಆಕ್ಷೇಪ ಎತ್ತಬಹುದು, ಅದು ಸರಿಯಾದದ್ದೇ. ಐದು ಕೋಣೆಗಳಲ್ಲಿ ಎರಡು ಮೊದಲೇ ಖಾಲಿ ಇದ್ದವು ಎಂದಿಟ್ಟುಕೊಳ್ಳಿ. ಒಬ್ಬರು ರದ್ದು ಮಾಡಿದರು, ಮರುದಿನ ಹೊಸಬರೊಬ್ಬರು ಬಂದರು. ಆ ಹೊಸಬರು ಹೇಗೂ ಬರುವವರಿದ್ದರು, ಖಾಲಿ ಇದ್ದ ಕೋಣೆಯಲ್ಲಿ ಉಳಿಯುತ್ತಿದ್ದರು. ಅವರ ಬಾಡಿಗೆಯಿಂದ ನಷ್ಟ ತುಂಬಿತು ಎನ್ನಲಾಗದು. ಆದ್ದರಿಂದ 'ಅದೇ ಕೋಣೆಗೆ ಯಾರಾದರೂ ಬಂದರೇ' ಎಂದು ಕೇಳಿದರೆ ಸಾಲದು, 'ಆ ರಾತ್ರಿ ಮನೆ ತುಂಬಿತ್ತೇ' ಎಂದು ಕೇಳಬೇಕು. ತುಂಬಿದ್ದರೆ ನಷ್ಟವಿಲ್ಲ, ಸಣ್ಣ ನಿರ್ವಹಣಾ ವೆಚ್ಚ ಕಳೆದು ಹಣ ಹಿಂದಿರುಗಲಿ. ಕಡಿಮೆ ದರಕ್ಕೆ ಕೊಡಬೇಕಾಗಿ ಬಂದಿದ್ದರೆ ವ್ಯತ್ಯಾಸವನ್ನು ಹಿಡಿದುಕೊಳ್ಳಲಿ. ಖಾಲಿಯೇ ಉಳಿದಿದ್ದರೆ ಮೊದಲೇ ಹೇಳಿದ ಕಡಿತ ನ್ಯಾಯ, ಅತಿಥಿ ಗೊಣಗುವಂತಿಲ್ಲ. ಒಂದೇ ದಿನಕ್ಕೆ ಮೂರು ಕಡೆ ಕೋಣೆ ಹಿಡಿದು, ಕೊನೆಯ ಗಳಿಗೆಯಲ್ಲಿ ಎರಡನ್ನು ಬಿಡುವ ಚಾಳಿಗೆ ಇದೇ ಮದ್ದು.

ಮನೆ ತುಂಬಿತ್ತೋ ಇಲ್ಲವೋ ಅತಿಥಿಗೆ ಗೊತ್ತಾಗುವುದು ಹೇಗೆ? ನೇರ ಬುಕಿಂಗ್‌ನಲ್ಲಿ ಕಷ್ಟ, ನಿಜ. ಆದರೆ ತಂಗಿದವರ ಹೆಸರು, ಗುರುತಿನ ಚೀಟಿ ಬರೆದಿಡುವ ಪುಸ್ತಕ ಪ್ರತಿ ಹೋಂಸ್ಟೇಯಲ್ಲೂ ಇರಬೇಕು. ವ್ಯಾಜ್ಯ ಎದ್ದರೆ ಅದೇ ಸಾಕ್ಷಿ. ಆನ್‌ಲೈನ್ ವೇದಿಕೆಗಳಿಗೆ ಈ ನೆಪವೂ ಇಲ್ಲ. ಯಾವ ಕೋಣೆ ಯಾವ ರಾತ್ರಿ ಯಾರಿಗೆ ಎಷ್ಟಕ್ಕೆ ಹೋಯಿತು ಎಂಬುದು ಅವುಗಳ ಕ್ಯಾಲೆಂಡರ್‌ನಲ್ಲಿ ಕ್ಷಣಕ್ಷಣಕ್ಕೂ ದಾಖಲಾಗುತ್ತಿರುತ್ತದೆ. ಬಿಟ್ಟುಕೊಟ್ಟ ರಾತ್ರಿ ಮತ್ತೆ ಮಾರಾಟವಾದ ಕೂಡಲೇ ಹಿಂದಿನವರಿಗೆ ಹಣ ತಾನಾಗಿ ಮರಳುವಂತೆ ಮಾಡುವುದು ಅವುಗಳಿಗೆ ದೊಡ್ಡ ಕೆಲಸವಲ್ಲ. ಒಂದೇ ರಾತ್ರಿಗೆ ಎರಡು ಬುಕಿಂಗ್ ನಡೆದರೆ ಎರಡು ಕಮಿಷನ್ ಹುಟ್ಟುವ ಕಡೆ, ಅಂಥ ವ್ಯವಸ್ಥೆಗೆ ಉತ್ಸಾಹ ಹುಟ್ಟದಿರುವುದು ಸಹಜ.

ವೇದಿಕೆಗಳ ನಡತೆಯನ್ನು ಕೊರೊನಾ ಕಾಲ ಬೆಳಕಿಗೆ ತಂದಿತು. 2020ರ ಮಾರ್ಚ್‌ನಲ್ಲಿ ಏರ್‌ಬಿಎನ್‌ಬಿ, ಮಾರ್ಚ್ 14ರವರೆಗೆ ಬುಕ್ ಮಾಡಿದ್ದವರಿಗೆ ಪೂರ್ತಿ ಹಣ ಹಿಂದಿರುಗಿಸುವುದಾಗಿ ಘೋಷಿಸಿತು. ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆದರೆ ಆತಿಥೇಯರು ತಮ್ಮ ತಮ್ಮ ಮನೆಗೆ ಆರಿಸಿಕೊಂಡಿದ್ದ ರದ್ದತಿ ನಿಯಮಗಳು ರಾತ್ರೋರಾತ್ರಿ ಗಾಳಿಗೆ ಹೋದವು. ಆತಿಥೇಯರು ರೊಚ್ಚಿಗೆದ್ದ ಮೇಲೆ ಕಂಪನಿಯ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಅದೇ ತಿಂಗಳ ಕೊನೆಯಲ್ಲಿ ಕ್ಷಮೆ ಕೇಳಿ, 25 ಕೋಟಿ ಡಾಲರ್ ತೆಗೆದಿಟ್ಟರು. ಅವರವರ ರದ್ದತಿ ನಿಯಮದ ಪ್ರಕಾರ ಸಿಗಬೇಕಿದ್ದ ಮೊತ್ತದ ಶೇ 25ರಷ್ಟು ಆತಿಥೇಯರ ಕೈಸೇರುವ ಏರ್ಪಾಡಾಯಿತು. ನಿಯಮ ಮಾಡುವುದು ಒಬ್ಬರು, ಹಣ ಕಳೆದುಕೊಳ್ಳುವುದು ಇನ್ನೊಬ್ಬರು ಎಂಬ ವ್ಯವಸ್ಥೆಯಲ್ಲಿ ಉದಾರತೆ ತೋರುವುದು ಸುಲಭ. ವೇದಿಕೆ ಉದಾರವಾಗಬೇಕಿದ್ದರೆ ಮೊದಲು ಬಿಡಬೇಕಾದದ್ದು ತನ್ನ ಕಮಿಷನ್.

ಇನ್ನು ಎಲ್ಲರೂ ಮರೆಯುವ ಮುಖವೊಂದಿದೆ. ರದ್ದು ಮಾಡುವವರು ಅತಿಥಿಗಳಷ್ಟೇ ಅಲ್ಲ. ಹೊಸ ವರ್ಷವೋ ದಸರೆಯೋ ಹತ್ತಿರ ಬರುತ್ತಿದ್ದಂತೆ ದರ ಏರುತ್ತದೆ. ತಿಂಗಳುಗಳ ಹಿಂದೆ ಹಳೆಯ ದರಕ್ಕೆ ಕೋಣೆ ಹಿಡಿದವರಿಗೆ ಆಗ ಫೋನ್ ಬರುತ್ತದೆ. 'ಪೈಪ್ ಒಡೆದಿದೆ', 'ಮನೆಯಲ್ಲಿ ಸಾವಾಗಿದೆ', 'ಸಿಸ್ಟಂನಲ್ಲಿ ಡಬಲ್ ಬುಕಿಂಗ್ ಆಗಿದೆ'. ಎಲ್ಲವೂ ಸುಳ್ಳೆನ್ನಲಾಗದು, ಎಲ್ಲವೂ ನಿಜವೂ ಅಲ್ಲ. ಇಲ್ಲಿ 'ನಿಮ್ಮ ಹಣ ನಿಮಗೆ ಕೊಟ್ಟೆವಲ್ಲ' ಎಂದರೆ ಲೆಕ್ಕ ಮುಗಿಯುವುದಿಲ್ಲ. ರೈಲು ಟಿಕೆಟ್ ಆಗಿದೆ, ರಜೆ ಹಾಕಿ ಆಗಿದೆ, ಬೇರೆ ಕೋಣೆಗೆ ಈಗ ಎರಡರಷ್ಟು ದರ. ಅತಿಥಿ ರದ್ದು ಮಾಡಿದರೆ ಅರ್ಧ ಹಣ ಕಡಿಯುವವರು, ತಾವು ರದ್ದು ಮಾಡಿದಾಗ ಬರೀ ಅಸಲನ್ನು ಕೊಟ್ಟು ಕೈ ತೊಳೆದುಕೊಳ್ಳುವುದು ಯಾವ ತಕ್ಕಡಿ?

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಇದನ್ನು ಗುರುತಿಸಿವೆ. ತಾನು ಏಕಪಕ್ಷೀಯವಾಗಿ ರದ್ದು ಮಾಡಿದಾಗ ಅದೇ ಬಗೆಯ ಶುಲ್ಕವನ್ನು ತಾನೂ ಹೊರಲು ಸಿದ್ಧವಿಲ್ಲದ ಇ-ಕಾಮರ್ಸ್ ಸಂಸ್ಥೆ ಗ್ರಾಹಕರಿಂದ ರದ್ದತಿ ಶುಲ್ಕ ವಸೂಲು ಮಾಡುವಂತಿಲ್ಲ. ಏರ್‌ಬಿಎನ್‌ಬಿ ಕೂಡ 2022ರ ಆಗಸ್ಟ್‌ನಿಂದ, ಸಕಾರಣವಿಲ್ಲದೆ ರದ್ದು ಮಾಡುವ ಆತಿಥೇಯರಿಗೆ ಬುಕಿಂಗ್ ಮೊತ್ತದ ಶೇ 10ರಿಂದ 50ರವರೆಗೆ ದಂಡ ಹಾಕುತ್ತಿದೆ; ದಿನ ಹತ್ತಿರವಾದಷ್ಟೂ ದಂಡ ಹೆಚ್ಚು. ವಾಟ್ಸಾಪಿನಲ್ಲಿ ಬುಕಿಂಗ್ ಪಡೆಯುವ ಹೋಂಸ್ಟೇಗೆ ಇಂಥ ಅಂಕೆ ಏನೂ ಇಲ್ಲ. ಅಲ್ಲೂ ಸೂತ್ರ ಒಂದೇ ಇರಬೇಕು: ಅತಿಥಿ ತಪ್ಪಿದರೆ ಎಷ್ಟೋ, ಆತಿಥೇಯ ತಪ್ಪಿದರೂ ಅಷ್ಟೇ.

'ಹಣ ಕೊಡಲ್ಲ, ಡೇಟ್ ಚೇಂಜ್ ಮಾಡಿಕೊಡ್ತೀವಿ' ಎಂಬುದು ಈಗ ಎಲ್ಲೆಡೆ ಕೇಳುವ ರಾಜಿಸೂತ್ರ. ಸಣ್ಣ ಮಾಲೀಕರಿಗೆ ಇದು ಉಸಿರಾಡಲು ಜಾಗ ಕೊಡುತ್ತದೆ, ಹಾಗಾಗಿ ತಳ್ಳಿಹಾಕಬೇಕಿಲ್ಲ. ಆದರೆ ಒತ್ತಾಯವಾಗಬಾರದು. ಲಾಕ್‌ಡೌನಿನಲ್ಲಿ ರದ್ದಾದ ವಿಮಾನ ಟಿಕೆಟ್‌ಗಳ ವಿಚಾರದಲ್ಲಿ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಒಪ್ಪಿದ ವ್ಯವಸ್ಥೆ ಇದಕ್ಕೆ ಮಾದರಿ. ಹಣಕಾಸಿನ ಮುಗ್ಗಟ್ಟಿನಲ್ಲಿರುವ ವಿಮಾನ ಸಂಸ್ಥೆಗಳು ಹಣದ ಬದಲು ಜಮಾ ಇಟ್ಟುಕೊಳ್ಳಬಹುದು. ಆದರೆ ಆ ಜಮಾ ತಿಂಗಳು ತಿಂಗಳು ಬೆಳೆಯಬೇಕು, ಬೇರೆಯವರಿಗೆ ವರ್ಗಾಯಿಸಲು ಬರಬೇಕು, ಗಡುವಿನೊಳಗೆ ಬಳಕೆಯಾಗದಿದ್ದರೆ ನಗದಾಗಿ ಮರಳಬೇಕು. 'ಆರು ತಿಂಗಳೊಳಗೆ ಬನ್ನಿ, ವೀಕೆಂಡ್ ಬಿಟ್ಟು, ದರ ವ್ಯತ್ಯಾಸ ನೀವೇ ಕೊಡಿ' ಎಂಬ ಡೇಟ್ ಚೇಂಜ್ ಈ ಅಳತೆಗೆ ನಿಲ್ಲದು.

ಕಾನೂನು ಇಷ್ಟು ಸ್ಪಷ್ಟವಾಗಿದ್ದರೂ ಜಗಳ ಮುಗಿಯದಿರಲು ಕಾರಣ ಮೊತ್ತ ಚಿಕ್ಕದು, ದಾರಿ ದೊಡ್ಡದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಆದ ನಷ್ಟಕ್ಕೆ ತಾಳೆಯಾಗದ ದಂಡ ವಿಧಿಸುವ ಕರಾರನ್ನು 'ಅನ್ಯಾಯದ ಕರಾರು' ಎಂದೇ ಕರೆಯುತ್ತದೆ. ನಮಗೆ ಬೇಕಾದದ್ದು ಇದೇ. ಆದರೆ ಅಂಥ ಕರಾರಿನ ವಿರುದ್ಧದ ದೂರನ್ನು ಕಾಯ್ದೆ ವಹಿಸಿರುವುದು ಜಿಲ್ಲಾ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ. ಐದು ಸಾವಿರದ ಅನ್ಯಾಯಕ್ಕೆ ರಾಜ್ಯ ಆಯೋಗದ ಮುಂದೆ ನಿಲ್ಲಬೇಕು. ಸೇವಾ ನ್ಯೂನತೆ ಎಂದು ದೂರಿದರೆ ಜಿಲ್ಲಾ ಆಯೋಗ ಸಾಕು. ತಾನು ವಾಸಿಸುವ ಊರಿನಲ್ಲೇ ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವಿಲ್ಲ, ಅದಕ್ಕೂ ಮೊದಲು 1915 ಸಹಾಯವಾಣಿ ಇದೆ. ಆದರೂ ಐದು ಸಾವಿರಕ್ಕೆ ತಿಂಗಳುಗಟ್ಟಲೆ ಅಲೆಯುವವರು ಕಡಿಮೆ. ಅನ್ಯಾಯದ ಷರತ್ತುಗಳು ಬದುಕಿರುವುದೇ ಈ ಆಲಸ್ಯದ ನೆರಳಿನಲ್ಲಿ. ಸಣ್ಣ ಮೊತ್ತದ ಇಂಥ ದೂರುಗಳನ್ನು ಜಿಲ್ಲಾ ಆಯೋಗಕ್ಕೇ ಒಪ್ಪಿಸುವ ತಿದ್ದುಪಡಿ ಬರಬೇಕು.

ಕಾಯ್ದೆ ತಿದ್ದುಪಡಿಗೆ ಕಾಯದೆ ಮಾಡಬಹುದಾದದ್ದೂ ಇದೆ. ಹೋಂಸ್ಟೇಗಳನ್ನು ನೋಂದಾಯಿಸುವ ಪ್ರವಾಸೋದ್ಯಮ ಇಲಾಖೆ, ಒಂದು ಪುಟದ ಮಾದರಿ ರದ್ದತಿ ಷರತ್ತನ್ನು ಕನ್ನಡದಲ್ಲಿ ಸಿದ್ಧಪಡಿಸಿ ನೋಂದಣಿಯ ಜೊತೆಗೇ ಕೊಡಲಿ. ಅದರಲ್ಲಿ ನಾಲ್ಕು ಮಾತು ಇದ್ದರೆ ಸಾಕು. ಆ ರಾತ್ರಿ ಮನೆ ತುಂಬಿದರೆ ಹಣ ವಾಪಸ್. ಸರ್ಕಾರ ದಾರಿ ಅಥವಾ ಊರು ಮುಚ್ಚಿದರೆ, ಆಗಲೇ ಖರ್ಚಾದ ಸಾಮಾನಿನ ಲೆಕ್ಕ ತೋರಿಸಿ, ಉಳಿದದ್ದು ವಾಪಸ್. ಆತಿಥೇಯ ರದ್ದು ಮಾಡಿದರೆ, ಅತಿಥಿಗೆ ಹಾಕುವಷ್ಟೇ ದಂಡ ಆತಿಥೇಯನಿಗೂ. ಡೇಟ್ ಚೇಂಜ್ ಬೇಕೋ ಹಣ ಬೇಕೋ ಎಂಬ ಆಯ್ಕೆ ಅತಿಥಿಯದ್ದು. ಉಳಿದಂತೆ ಎಷ್ಟು ದಿನ ಮುಂಚೆ ತಿಳಿಸಿದರೆ ಎಷ್ಟು ಕಡಿತ ಎಂಬುದನ್ನು ಮಾಲೀಕರು ತಮಗೆ ಬೇಕಾದಂತೆ ಬರೆದುಕೊಳ್ಳಲಿ, ಹಣ ಪಡೆಯುವ ಮೊದಲು ಕಳಿಸಲಿ.

ಕೋಣೆ ಹಿಡಿಯುವವರಿಗೂ ಒಂದು ಮಾತು. ಯುಪಿಐ ಪಿನ್ ಒತ್ತುವ ಮುನ್ನ 'ನಾನು ಬರದಿದ್ದರೆ ಏನು, ನೀವು ಕೊಡದಿದ್ದರೆ ಏನು' ಎಂಬ ಎರಡು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಬರಲಾಗುವುದಿಲ್ಲ ಎಂದು ಗೊತ್ತಾದ ಗಳಿಗೆಯಲ್ಲೇ ತಿಳಿಸಿ. ನೀವು ತಡ ಮಾಡಿದ ಪ್ರತಿ ದಿನವೂ ಆ ಕೋಣೆ ಮಾರಾಟವಾಗುವ ಅವಕಾಶವನ್ನು ಕಡಿಮೆ ಮಾಡುತ್ತದೆ. ಖಾಲಿ ಉಳಿದ ಕೋಣೆಗೆ ಹಣ ಕೇಳುವ ಹಕ್ಕು ಆತಿಥೇಯರಿಗಿದೆ, ತುಂಬಿದ ಕೋಣೆಗೆ ಎರಡು ಸಲ ಕೇಳುವ ಹಕ್ಕು ಯಾರಿಗೂ ಇಲ್ಲ.